ಛಾವಣಿ ಹಾರಿಹೋದ ಸಂಗೀತಶಾಲೆ

ಗೆಳೆಯಾ,

ಹೋದ ವಾರ ಒಂದು ರಾತ್ರಿ ನಿದ್ದೆ ಬರಲಿಲ್ಲ. ಎದ್ದು, ಗ್ರೀಸಿನಲ್ಲಿ ಹುಟ್ಟಿದ ಸಂಗೀತಗಾರ ಯಾನಿ ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡದಲ್ಲಿ ನಡೆಸಿದ ಕಛೇರಿ ಹಾಕಿಕೊಂಡು ಕೂತೆ. ನಿನ್ನ ರೂಮಿನಲ್ಲಿ ಆ ಕ್ಯಾಸೆಟ್ ಸವೆಯುವ ತನಕ ಕೇಳಿದ್ದೆವಲ್ಲ, ಅದೇ. ಆಗ ನೀನೊಂದು ಮಾತು ಹೇಳಿದ್ದೆ. "ಇದನ್ನ ಸ್ಟುಡಿಯೋದಲ್ಲೇ ಬಾರಿಸಬಹುದಿತ್ತು ಕಣೋ, ಆ ಹಳೇ ಕಲ್ಲೆಲ್ಲಾ ಬರೀ ಪೋಸ್ಟರಿಗೆ" ಅಂತ. ಅದಕ್ಕೆ ಎರಡು ದಿನ ಮಾತು ಬಿಟ್ಟಿದ್ದೆವು! ಈಗ ಇಷ್ಟು ವರ್ಷ ಮೈಕ್ ಕಟ್ಟಿ, ಕೇಬಲ್ ಎಳೆದು ಬದುಕಿದ ಮೇಲೆ ಒಪ್ಪಿಕೊಳ್ಳುತ್ತೇನೆ. ನೀನು ಹೇಳಿದ್ದರಲ್ಲಿ ಅರ್ಧ ನಿಜ. ಉಳಿದ ಅರ್ಧಕ್ಕೆ ನನ್ನ ಜಗಳ ಇನ್ನೂ ಇದೆ.

ಮೊದಲು ಒಂದು ತಪ್ಪು ಸರಿ ಮಾಡಿಬಿಡೋಣ. ಯಾನಿ ಬಾರಿಸಿದ್ದು ಗುಡ್ಡದ ಮೇಲಿನ ಪಾರ್ಥೆನಾನ್ ಗುಡಿಯ ಮುಂದೆ ಅಂತ ನಾವಿಬ್ಬರೂ ನಂಬಿದ್ದೆವು. ಅಲ್ಲ. ಬಾರಿಸಿದ್ದು ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿರುವ ಹೆರೋಡ್ಸ್ ಆಟಿಕಸ್ ರಂಗಮಂದಿರದಲ್ಲಿ. ಆತ ಅಥೆನ್ಸಿನ ದೊಡ್ಡ ಶ್ರೀಮಂತ. ಹೆಂಡತಿ ರೆಜಿಲ್ಲಾ ತೀರಿಕೊಂಡಳು, ಅವಳ ನೆನಪಿಗೆ ಕ್ರಿ.ಶ. 161ರ ಹೊತ್ತಿಗೆ ಇದನ್ನು ಕಟ್ಟಿಸಿದ. ಇದನ್ನು ಓಡಿಯಾನ್ ಅನ್ನುತ್ತಾರೆ, ಅಂದರೆ ಸಂಗೀತಕ್ಕೆಂದೇ ಕಟ್ಟಿದ ಮನೆ. ಮೇಲೆ ದೇವದಾರು ಮರದ ಛಾವಣಿಯೂ ಇತ್ತಂತೆ! 267ರಲ್ಲಿ ಹೆರೂಲಿ ಎಂಬ ದಂಡು ನುಗ್ಗಿ ಊರಿನ ಜೊತೆ ಇದನ್ನೂ ಹಾಳು ಮಾಡಿತು. ಛಾವಣಿ ಹೋಯಿತು, ಗೋಡೆ ನಿಂತಿತು. ಈಗ ಜನ ಕೂರುವ ಅಮೃತಶಿಲೆಯ ಮೆಟ್ಟಿಲುಗಳು 1950ರ ದಶಕದಲ್ಲಿ ಹೊಸದಾಗಿ ಹಾಸಿದ್ದು. ಹಾಗಾಗಿ "ಎರಡು ಸಾವಿರ ವರ್ಷದ ಕಲ್ಲಿನ ಮೇಲೆ ಕೂತು ಕೇಳಿದೆವು" ಅಂತ ಯಾರಾದರೂ ಕೊಚ್ಚಿಕೊಂಡರೆ ನೀನು ಸುಮ್ನೆ ನಗಬಹುದು.

ಯಾನಿ ಬಾರಿಸಿದ್ದು 1993ರ ಸೆಪ್ಟೆಂಬರ್ 25ರಂದು. ತನ್ನ ಜೇಬಿನಿಂದಲೇ ಸುಮಾರು 20 ಲಕ್ಷ ಡಾಲರ್ ಸುರಿದ. ಹುಚ್ಚು ಅಲ್ವಾ? ತನ್ನ ಬ್ಯಾಂಡಿನ ಜೊತೆಗೆ ಲಂಡನ್ನಿನಿಂದ ರಾಯಲ್ ಫಿಲ್‌ಹಾರ್ಮೋನಿಕ್ ಕನ್ಸರ್ಟ್ ಆರ್ಕೆಸ್ಟ್ರಾವನ್ನು ಕರೆಸಿದ್ದ. ಕೋಲು ಹಿಡಿದು ನಡೆಸಿದವರು ಇರಾನಿನ ಶಾಹ್ರ್‌ದಾದ್ ರೊಹಾನಿ. ಅವರು ನಡುವೆ ತಾವೇ ಪಿಟೀಲು ಎತ್ತಿಕೊಂಡು ಬ್ಯಾಂಡಿನ ಪಿಟೀಲುಗಾರ್ತಿ ಕ್ಯಾರೆನ್ ಬ್ರಿಗ್ಸ್ ಜೊತೆ ಜಿದ್ದಿಗೆ ಬಿದ್ದು ಬಾರಿಸುತ್ತಾರಲ್ಲ, ಅಲ್ಲಿ ನಾವು ಕ್ಯಾಸೆಟ್ಟನ್ನು ಹಿಂದೆ ತಿರುಗಿಸಿ ತಿರುಗಿಸಿ ಕೇಳುತ್ತಿದ್ದೆವು.

ಈಗ ನಿನ್ನ ಅರ್ಧ ನಿಜಕ್ಕೆ ಬರುತ್ತೇನೆ. ಇಷ್ಟೊಂದು ವಾದ್ಯ ಒಂದೇ ಸ್ಟೇಜಿನಲ್ಲಿ ಇದ್ದರೆ ದೊಡ್ಡ ಶತ್ರು ಡ್ರಮ್ಸ್. ಪಿಟೀಲಿಗೆ ಅಂತ ಇಟ್ಟ ಮೈಕಿನೊಳಗೆ ಡ್ರಮ್ಸೇ ಜಾಸ್ತಿ ನುಗ್ಗುತ್ತದೆ. ಆಮೇಲೆ ಪಿಟೀಲಿನ ಸದ್ದು ಏರಿಸಿದರೆ ಡ್ರಮ್ಸೂ ಏರುತ್ತದೆ. ಅದಕ್ಕೇ ಮೈಕನ್ನು ವಾದ್ಯಕ್ಕೆ ಅಂಟುವಷ್ಟು ಹತ್ತಿರ ಇಡುತ್ತೇವೆ. ಹಾಗೆ ಇಟ್ಟರೆ ಪಕ್ಕದ ಡ್ರಮ್ಸ್ ತಗ್ಗುತ್ತದೆ, ಜೊತೆಗೆ ಗೋಡೆಗೆ ಬಡಿದು ಬರುವ ಸದ್ದೂ ಹೊರಗೇ ಉಳಿಯುತ್ತದೆ. ಮೈಕಿಗೆ ಅದು ಅಥೆನ್ಸೋ, ಹಿತ್ತಲೋ ಗೊತ್ತಾಗುವುದಿಲ್ಲ. ಅಲ್ಲಿಗೆ ನೀನು ಗೆದ್ದೆ.

ಆದರೆ ಮೈಕಿಗೆ ಗೊತ್ತಾಗದ್ದು ಬಾರಿಸುವವರಿಗೆ ಗೊತ್ತಾಗುತ್ತದೆ. ಆ ಸ್ಟೇಜಿನ ಹಿಂದೆ ಕಮಾನು ಕಮಾನಾಗಿ ಎದ್ದು ನಿಂತ ದೊಡ್ಡ ಕಲ್ಲಿನ ಗೋಡೆ ಇದೆ. ಮುಂದೆ ಬಟ್ಟಲಿನ ಹಾಗೆ ಮೇಲೇರುವ ಮೆಟ್ಟಿಲು, ಆ ಬಟ್ಟಲಿನ ತ್ರಿಜ್ಯ ಸುಮಾರು 38 ಮೀಟರ್. ಸದ್ದು ಸೆಕೆಂಡಿಗೆ ಹತ್ತಿರ ಹತ್ತಿರ 340 ಮೀಟರ್ ಓಡುತ್ತದೆ. ಅಂದರೆ ಮೇಲಿನ ಸಾಲು ಮುಟ್ಟಲು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ತಿರುಗಿ ಸ್ಟೇಜಿಗೆ ಬರಲು ಅಷ್ಟೇ ಹೊತ್ತು. ಡ್ರಮ್ಸ್ ಬಾರಿಸುವವನಿಗೆ ತಾನು ಹೊಡೆದ ಪೆಟ್ಟು ಮತ್ತೆ ಎದುರಿನಿಂದ ಬಂದು ಎದೆಗೆ ತಟ್ಟುತ್ತದೆ. ಸ್ಟೇಜಿನ ಒಂದು ತುದಿಯಿಂದ ಇನ್ನೊಂದು ತುದಿಗೆ 15 ಮೀಟರ್ ಅಂತ ಇಟ್ಟುಕೋ. ಅಲ್ಲೇ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದ ಹತ್ತಿರ ತಡ. ಕಿವಿಯನ್ನೇ ನಂಬಿ ತಾಳ ಹಿಡಿದರೆ ಎಲ್ಲರೂ ನಿಧಾನಕ್ಕೆ ಹಿಂದೆ ಬೀಳುತ್ತಾರೆ. ಅದಕ್ಕೇ ಅಲ್ಲಿ ಕಣ್ಣು ರೊಹಾನಿಯ ಕೋಲಿನ ಮೇಲೆ. ಮುಂದಿನ ಸಲ ನೋಡುವಾಗ ಹಿಂದಿನ ಸಾಲಿನ ಕೊಂಬು ಊದುವವರ ಕಣ್ಣು ನೋಡು.

ಶ್ರುತಿಯ ಕಥೆ ಇನ್ನೂ ಮಜಾ. ಸಂಜೆಯಾಗಿ ತಂಪೇರಿದ ಹಾಗೆ ಊದುವ ವಾದ್ಯಗಳ ಶ್ರುತಿ ಇಳಿಯುತ್ತದೆ. ಉಕ್ಕಿನ ತಂತಿ ಕುಗ್ಗಿ ಬಿಗಿಯಾಗಿ, ಅದರ ಶ್ರುತಿ ಏರುತ್ತದೆ. ಯಾನಿಯ ಸಿಂಥಸೈಜರ್, ಅಂದರೆ ಎಲೆಕ್ಟ್ರಾನಿಕ್ ಕೀಬೋರ್ಡ್ ಮಾತ್ರ ಬೆಪ್ಪನ ಹಾಗೆ ಇದ್ದಲ್ಲೇ ಇರುತ್ತದೆ. ಮೂವರನ್ನೂ ಒಂದೇ ದಾರಿಯಲ್ಲಿ ನಡೆಸುವುದು ಬಾರಿಸುವವರ ಕೆಲಸ, ಸದ್ದು ಬೆರೆಸುವ ಮಿಕ್ಸರ್ ಮುಂದೆ ಕೂತವನಿಂದ ಆಗದ ಮಾತು.

ಜನ ತುಂಬಿದ ಮೇಲೆ ಇಡೀ ಜಾಗವೇ ಬದಲಾಗುತ್ತದೆ. ಮಧ್ಯಾಹ್ನ ಖಾಲಿ ಮೆಟ್ಟಿಲಿನ ಮುಂದೆ ಸದ್ದು ನೋಡಿಕೊಳ್ಳುವಾಗ ಅಮೃತಶಿಲೆ ಗಾಜಿನ ಹಾಗೆ ಸದ್ದನ್ನು ಎತ್ತಿ ಎಸೆಯುತ್ತದೆ. ಸಂಜೆ ಸುಮಾರು ಐದು ಸಾವಿರ ಜನ ಬಂದು ಅದರ ಮೇಲೆ ಕೂತರೆ ಕಲ್ಲು ಮುಚ್ಚಿಹೋಗುತ್ತದೆ. ಬಟ್ಟೆಯೂ ಮೈಯೂ ಸದ್ದನ್ನು ಹೀರುತ್ತವೆ. ಮಧ್ಯಾಹ್ನ ಗುರುತು ಹಾಕಿಟ್ಟ ಮಟ್ಟವೆಲ್ಲಾ ಆಗ ಕೆಲಸಕ್ಕೆ ಬರುವುದಿಲ್ಲ. ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನವರು 1971ರ ಅಕ್ಟೋಬರಿನಲ್ಲಿ ಇಟಲಿಯ ಪಾಳು ಊರು ಪಾಂಪೆಯ ಬಯಲು ಕಣದಲ್ಲಿ ಕೇಳುಗರೇ ಇಲ್ಲದೆ ಬಾರಿಸಿದ್ದರಲ್ಲ, ಅವರಿಗೆ ಈ ತಲೆನೋವಿರಲಿಲ್ಲ. ಅವರದು ಬೇರೆಯದೇ ತಲೆನೋವು. ಅಲ್ಲಿ ಸಾಕಷ್ಟು ಕರೆಂಟೇ ಇರಲಿಲ್ಲ. ಕೊನೆಗೆ ಊರೊಳಗಿಂದ ಬೀದಿಯುದ್ದಕ್ಕೂ ಕೇಬಲ್ ಎಳೆದು ತಂದರು. ಅಷ್ಟರಲ್ಲಿ ಚಿತ್ರೀಕರಣದ ಕೆಲವು ದಿನಗಳೇ ಕಳೆದುಹೋಗಿದ್ದವು.

ಕರೆಂಟಿನ ವಿಷಯದಲ್ಲಿ ನಾನೂ ಪೆಟ್ಟು ತಿಂದವನೇ. ಒಮ್ಮೆ ಹಳೇ ಕಲ್ಲಿನ ಮಂಟಪವೊಂದರ ಎದುರು ಕೊಳಲು ಕಛೇರಿ ರೆಕಾರ್ಡ್ ಮಾಡಬೇಕಿತ್ತು. ಜನರೇಟರ್ ತಂದವನು ಅದನ್ನು ಗೋಡೆಯ ಹಿಂದೆ ನಿಲ್ಲಿಸಿದ. ಕಾಣುವುದಿಲ್ಲವಲ್ಲ ಅಂತ ನಾನೂ ಸುಮ್ಮನಾದೆ. ಕಣ್ಣಿಗೆ ಕಾಣದಿದ್ದರೆ ಕಿವಿಗೂ ಕೇಳಿಸುವುದಿಲ್ಲವೇ? ಆಲಾಪನೆ ಮುಗಿಯುವ ತನಕ ಕೊಳಲಿನ ಕೆಳಗೆ ಗುಂಯ್ ಅನ್ನುತ್ತಾ ಕೂತಿತ್ತು. ಸಾಲದ್ದಕ್ಕೆ ಮೈಕಿಗೆ ಗಾಳಿ ತಡೆಯುವ ಸ್ಪಂಜು ಹಾಕಲು ಮರೆತಿದ್ದೆ. ಊದಿದವರು ಕೇಳಿ ಏನೂ ಅನ್ನಲಿಲ್ಲ, ಅದೇ ಜಾಸ್ತಿ ನೋವಾಯಿತು.

ಇಂಥ ಕಡೆ ಸ್ಟೇಜ್ ಕಟ್ಟುವವರ ಪಾಡೂ ಕಡಿಮೆಯಲ್ಲ. ಕಲ್ಲಿಗೆ ಒಂದು ಮೊಳೆ ಹೊಡೆಯುವ ಹಾಗಿಲ್ಲ. ಕಂಬ, ದೀಪ, ಸ್ಪೀಕರ್ ಎಲ್ಲಾ ತಮ್ಮ ಭಾರದ ಮೇಲೇ ನಿಲ್ಲಬೇಕು. ಆ ಭಾರ ಒಂದೇ ಕಡೆ ಬೀಳದ ಹಾಗೆ ಕೆಳಗೆ ಹಲಗೆ ಹಾಸಬೇಕು. ಹೆರೋಡ್ಸ್ ರಂಗಮಂದಿರಕ್ಕೆ ಈಗ ಹೈ ಹೀಲ್ಸ್ ಹಾಕಿಕೊಂಡು ಬಂದವರನ್ನೂ ಒಳಗೆ ಬಿಡುವುದಿಲ್ಲ. ಚೂಪು ಹಿಮ್ಮಡಿಗೆ ಅಮೃತಶಿಲೆ ಏಟು ತಿನ್ನುತ್ತದೆ ಅಂತ. ನನಗಂತೂ ಸರಿ ಅನ್ನಿಸಿತು.

ನಿನ್ನ "ಪೋಸ್ಟರ್" ಮಾತು ಪೂರ್ತಿ ಒಪ್ಪುವುದು ಯಾನಿಯ 1997ರ ತಾಜ್‌ಮಹಲ್ ಕಛೇರಿಗೆ. ಅಲ್ಲಿ ತಾಜ್ ಬೆಳಕಿನಲ್ಲಿ ಹಿಂದೆ ನಿಂತಿದ್ದ ಚಿತ್ರ, ಅಷ್ಟೇ. ಬಾರಿಸಿದ್ದು ಯಮುನೆಯ ದಂಡೆಯ ಬಯಲಿನಲ್ಲಿ. ಬಯಲಿಗೆ ಸದ್ದನ್ನು ಹಿಡಿದಿಡುವ ಗೋಡೆ ಎಲ್ಲಿಂದ ಬರಬೇಕು? ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಕಣ್ಣು ಮುಚ್ಚಿದರೆ ಆ ಜಾಗ ಇಲ್ಲ.

ಅಥೆನ್ಸಿನದು ಹಾಗಲ್ಲ. ಇಂಥ ರೆಕಾರ್ಡಿಂಗಿನಲ್ಲಿ ಜನರ ಕಡೆಗೆ ತಿರುಗಿಸಿದ ಮೈಕುಗಳೂ ಇರುತ್ತವೆ. ವಾದ್ಯದ ಮೈಕು ಹೊರಗಿಟ್ಟ ಕಲ್ಲನ್ನು ಅವು ಒಳಗೆ ಬಿಟ್ಟುಕೊಳ್ಳುತ್ತವೆ. ಅವುಗಳಿಗೆ ಸದ್ದು ತಡವಾಗಿ ತಲುಪುವುದರಿಂದ ಜೋಡಿಸುವಾಗ ಲೆಕ್ಕ ಹಾಕಿ ಸರಿಸಬೇಕು, ಇಲ್ಲದಿದ್ದರೆ ಎಲ್ಲವೂ ಎರಡೆರಡು ಸಲ ಕೇಳಿಸುತ್ತದೆ. ಆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ನಾನು ಹುಡುಕಿದ್ದು ಅದನ್ನೇ. ಒಂದು ತುಣುಕು ಮುಗಿದು ಚಪ್ಪಾಳೆ ಏಳುವ ಜಾಗ. ಚಪ್ಪಾಳೆ ಒಂದೇ ಏಟಿಗೆ ಬರುವುದಿಲ್ಲ ನೋಡು. ಕೆಳಗಿನ ಸಾಲಿನದು ಮೊದಲು, ಮೇಲಿನದು ಆಮೇಲೆ, ಅಲೆಯ ಹಾಗೆ ಇಳಿದು ಬರುತ್ತದೆ. ನನಗೆ ಆ ಬಟ್ಟಲಿನ ಆಕಾರ ಕೇಳಿಸಿತು ಮಾರಾಯ.

ನಿನಗೂ ಕೇಳಿಸುತ್ತಾ ನೋಡಿ ಬರೆ. ಸಣ್ಣ ಸ್ಪೀಕರಿನಲ್ಲಿ ಬೇಡ, ಒಳ್ಳೆಯ ಹೆಡ್‌ಫೋನ್ ಹಾಕಿಕೋ. ಕ್ಯಾಸೆಟ್ ನಿನ್ನ ಹತ್ತಿರವೇ ಉಳಿದಿದೆ, ಅದರ ಬಗ್ಗೆ ಇನ್ನೊಂದು ಜಗಳ ಬಾಕಿ ಇದೆ.

ನಿನ್ನ ಗೆಳೆಯ