ಟ್ರೈಲರ್‌ನಲ್ಲಿ ತೋರಿಸಿದ ಟೆರೇಸ್ ದೃಶ್ಯ ಸಿನಿಮಾದಲ್ಲಿ ಯಾಕಿಲ್ಲ?

ಗೆ,
ನಿರ್ಮಾಣ ಸಂಸ್ಥೆಯ ಪ್ರಚಾರ ವಿಭಾಗದವರಿಗೆ

ವಿಷಯ: ನಿಮ್ಮ ಸೂಪರ್‌ಹೀರೋ ಸಿನಿಮಾದ ಎರಡನೇ ಭಾಗದ ಬಗ್ಗೆ ದೂರು

ನಮಸ್ಕಾರ,

ನಿಮ್ಮ ಸಿನಿಮಾದ ಎರಡನೇ ಭಾಗವನ್ನು ಬಿಡುಗಡೆಯಾದ ದಿನವೇ ನೋಡಿದೆ. ಹೊರಗೆ ಬಂದ ಕೂಡಲೇ ಬರೆದಿದ್ದರೆ ಪತ್ರದಲ್ಲಿ ಬರೀ ಸಿಟ್ಟೇ ಇರುತ್ತಿತ್ತು, ಅದಕ್ಕೇ ನಾಲ್ಕು ದಿನ ಸುಮ್ಮನಿದ್ದೆ. ಆಮೇಲೆ ಇನ್ನೊಂದು ಸಲ ಹೋಗಿ ನೋಡಿದೆ. ಮೊದಲ ಸಲ ನನ್ನ ಕಣ್ಣು ತಪ್ಪಿಸಿಕೊಂಡು ಹೋಗಿದೆಯೇನೋ ಅಂತ ಒಂದು ಅನುಮಾನ ಇತ್ತು. ಇಲ್ಲ, ಆ ದೃಶ್ಯ ಸಿನಿಮಾದಲ್ಲಿ ಇಲ್ಲವೇ ಇಲ್ಲ.

ಯಾವ ದೃಶ್ಯ ಅಂತ ನಿಮಗೂ ಗೊತ್ತಿರುತ್ತದೆ. ಟೆರೇಸ್ ಮೇಲೆ ಮಳೆ ಸುರಿಯುತ್ತಿರುತ್ತದೆ, ಹೀರೋ ತನ್ನ ಅಕ್ಕನ ಎದುರಿಗೆ ನಿಂತು ಮುಖವಾಡ ತೆಗೆಯುತ್ತಾನೆ, ಅವಳು "ನಂಗೆ ಮೊದಲೇ ಗೊತ್ತಿತ್ತು ಕಣೋ" ಅನ್ನುತ್ತಾಳೆ. ಎರಡೂ ಟ್ರೈಲರ್‌ಗಳು ಮುಗಿದಿದ್ದು ಆ ಮಾತಿನಲ್ಲೇ. ಪೋಸ್ಟರ್‌ನಲ್ಲಿ ಇದ್ದದ್ದೂ ಅದೇ ಮಳೆ, ಅದೇ ಟೆರೇಸ್. ಅದನ್ನು ಎಷ್ಟು ಸಲ ನೋಡಿದ್ದೇನೆ ಅಂದರೆ ಅಕ್ಕನ ಕೂದಲಿನ ತುದಿಯಿಂದ ನೀರು ಯಾವ ಕ್ಷಣಕ್ಕೆ ಬೀಳುತ್ತದೆ ಅನ್ನುವುದೂ ನನಗೆ ಬಾಯಿಪಾಠ.

ಇದು ಯಾಕೆ ಇಷ್ಟು ದೊಡ್ಡ ವಿಷಯ ಅಂತ ನಿಮ್ಮ ಆಫೀಸಿನಲ್ಲಿ ಯಾರಿಗಾದರೂ ಅನಿಸಬಹುದು. ಹಾಗಾಗಿ ಮೊದಲ ಭಾಗದ ಬಗ್ಗೆ ಸ್ವಲ್ಪ ಹೇಳಬೇಕು.

ಮೊದಲ ಭಾಗ ನನಗೆ ಇಷ್ಟವಾಗಿದ್ದು ಹಾರಾಟ, ಹೊಡೆದಾಟದಿಂದಲ್ಲ. ಹರಿದು ಬೀಳುತ್ತಿದ್ದ ಲಿಫ್ಟಿನ ಕೇಬಲ್ಲನ್ನು ಬರಿಗೈಯಲ್ಲಿ ಹಿಡಿದ ಹುಡುಗ ರಾತ್ರಿ ಮನೆಗೆ ಬಂದು, ಸುಟ್ಟ ಅಂಗೈಯನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡು, ಎಡಗೈಯಲ್ಲಿ ಊಟ ಮಾಡುವ ಒಂದು ದೃಶ್ಯ ಇತ್ತಲ್ಲ, ಅದಕ್ಕೆ ಸೋತು ಹೋಗಿದ್ದೆ. ಅಕ್ಕ ನೋಡುತ್ತಾಳೆ, ಏನೂ ಕೇಳುವುದಿಲ್ಲ. ಬೆಳಿಗ್ಗೆ ಅವನ ಮೇಜಿನ ಮೇಲೆ ಸುಟ್ಟ ಗಾಯಕ್ಕೆ ಹಚ್ಚುವ ಮುಲಾಮು ಇರುತ್ತದೆ. ಅಷ್ಟೇ, ಒಂದು ಮಾತಿಲ್ಲ. ಅವಳಿಗೆ ಗೊತ್ತಾ, ಗೊತ್ತಿಲ್ವಾ? ಆ ಪ್ರಶ್ನೆ ಇಟ್ಟು ನೀವು ಸಿನಿಮಾ ಮುಗಿಸಿದಿರಿ. ನಾನೂ ನನ್ನ ತಮ್ಮನೂ ಅದರ ಬಗ್ಗೆ ವಾದ ಮಾಡಿದ್ದಕ್ಕೆ ಲೆಕ್ಕವಿಲ್ಲ. ಅವನು "ಗೊತ್ತಿದೆ" ಅಂತಿದ್ದ, ನಾನು "ಅನುಮಾನ ಮಾತ್ರ" ಅಂತಿದ್ದೆ.

ಎರಡನೇ ಭಾಗದ ಟ್ರೈಲರ್ ಬಂದಾಗ ಅವನು ಫೋನ್ ಹಿಡಿದುಕೊಂಡು ಓಡಿ ಬಂದ. ಅವನೇ ಗೆದ್ದಿದ್ದ. ಅವತ್ತಿನಿಂದ ನಾವು ಕಾದಿದ್ದು ಆ ದೃಶ್ಯ ಪೂರ್ತಿ ನೋಡುವುದಕ್ಕೆ. ಗೊತ್ತಿದ್ದರೆ ಇಷ್ಟು ದಿನ ಯಾಕೆ ಸುಮ್ಮನಿದ್ದಳು, ಹೇಳಿದ ಮೇಲೆ ಅವನು ಏನು ಮಾಡುತ್ತಾನೆ, ಇಬ್ಬರೂ ಜಗಳ ಆಡುತ್ತಾರಾ, ಅಳುತ್ತಾರಾ. ವಿಲನ್ ಯಾರು ಅನ್ನುವುದು ನಮಗೆ ಅಷ್ಟು ಮುಖ್ಯವೇ ಆಗಿರಲಿಲ್ಲ.

ನೀವು ಕೊಟ್ಟಿದ್ದೇನು? ಅಕ್ಕ ಇಡೀ ಸಿನಿಮಾದಲ್ಲಿ ಮೂರು ಸಲ ಬರುತ್ತಾಳೆ. ಒಂದು ಸಲ ಫೋನಿನಲ್ಲಿ. ಎರಡನೇ ಸಲ ಟಿವಿ ನೋಡುತ್ತಾ ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತಾಳೆ. ಮೂರನೇ ಸಲ ಕೊನೆಯಲ್ಲಿ ಬಂದು ಅವನನ್ನು ತಬ್ಬಿಕೊಳ್ಳುತ್ತಾಳೆ, ಆದರೆ ಅವಳಿಗೆ ವಿಷಯ ಗೊತ್ತೋ ಇಲ್ಲವೋ ಅನ್ನುವುದು ಆಗಲೂ ಗೊತ್ತಾಗುವುದಿಲ್ಲ. ಟೆರೇಸ್ ಇಲ್ಲ, ಮಳೆ ಇಲ್ಲ, ಆ ಮಾತೂ ಇಲ್ಲ.

ಟ್ರೈಲರ್‌ನಲ್ಲಿದ್ದ ಶಾಟ್ ಸಿನಿಮಾದಲ್ಲಿ ಇಲ್ಲದಿರುವುದು ಹೊಸದೇನಲ್ಲ ಅಂತ ನನಗೂ ಗೊತ್ತು. ಎಡಿಟಿಂಗ್ ಮುಗಿಯುವ ಮೊದಲೇ ಎಷ್ಟೋ ಟ್ರೈಲರ್‌ಗಳು ತಯಾರಾಗುತ್ತವೆ. ಟ್ರೈಲರ್ ಕತ್ತರಿಸುವವರು ಬೇರೆ, ಸಿನಿಮಾ ಎಡಿಟ್ ಮಾಡುವವರು ಬೇರೆ. ಆಮೇಲೆ ದೃಶ್ಯ ಬಿದ್ದು ಹೋಗಬಹುದು. ಕೆಲವರು ಬೇಕಂತಲೇ ದಾರಿ ತಪ್ಪಿಸುತ್ತಾರೆ. 2018ರ 'ಅವೆಂಜರ್ಸ್: ಇನ್ಫಿನಿಟಿ ವಾರ್' ಟ್ರೈಲರ್‌ನಲ್ಲಿ ವಕಾಂಡಾ ಅನ್ನುವ ಕಾಲ್ಪನಿಕ ದೇಶದ ಯುದ್ಧಕ್ಕೆ ಎಲ್ಲರ ಜೊತೆ ಹಲ್ಕ್ (ಒಬ್ಬ ವಿಜ್ಞಾನಿಯ ಒಳಗಿಂದ ಹೊರಬರುವ ಹಸಿರು ದೈತ್ಯ) ಓಡಿ ಬರುತ್ತಾನೆ, ಸಿನಿಮಾದಲ್ಲಿ ಆ ಯುದ್ಧಕ್ಕೆ ಹಲ್ಕ್ ಬರುವುದೇ ಇಲ್ಲ. ನನಗೆ ಅದರಿಂದ ಮೋಸ ಅನಿಸಲಿಲ್ಲ. ಯಾಕೆ ಅಂದರೆ ಹಲ್ಕ್ ಹೊರಗೆ ಬರಲು ಒಪ್ಪುತ್ತಿಲ್ಲ ಅನ್ನುವುದೇ ಅಲ್ಲಿ ಕಥೆಯ ಒಂದು ಭಾಗ, ಅದನ್ನು ಮುಚ್ಚಿಡಲು ಹಾಗೆ ಮಾಡಿದರು. ನೋಡುವವರಿಗೆ ಕಥೆ ಹಾಳಾಗಬಾರದು ಅಂತ ಮುಚ್ಚಿಟ್ಟಿದ್ದು ಅದು. ನೀವು ಏನನ್ನೂ ಮುಚ್ಚಿಡಲಿಲ್ಲ. ಇಲ್ಲದ್ದನ್ನು ಇದೆ ಅಂತ ತೋರಿಸಿದಿರಿ, ಅದೂ ಸಿನಿಮಾದ ಜೀವಾಳ ಅಂತಲೇ ತೋರಿಸಿದಿರಿ. ಎರಡೂ ಒಂದೇ ಅಲ್ಲ ಅಲ್ವಾ?

ಇದು ನನ್ನೊಬ್ಬಳ ಹಟವೂ ಅಲ್ಲ. ಟ್ರೈಲರ್‌ನಲ್ಲಿದ್ದ ನಟಿ ಸಿನಿಮಾದಲ್ಲೇ ಇಲ್ಲ ಅಂತ ಅಮೆರಿಕದಲ್ಲಿ ಇಬ್ಬರು ಪ್ರೇಕ್ಷಕರು ಕೋರ್ಟಿಗೆ ಹೋಗಿದ್ದರು. ಟ್ರೈಲರ್ ಅನ್ನುವುದೂ ಒಂದು ಕಲೆ, ಅದು ಬರೀ ಜಾಹೀರಾತಲ್ಲ ಅಂತ ಸ್ಟುಡಿಯೋ ವಾದ ಮಾಡಿತು. ಆ ವಾದವನ್ನು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶರು 2022ರ ಡಿಸೆಂಬರ್‌ನಲ್ಲಿ ಒಪ್ಪಲಿಲ್ಲ. ಟ್ರೈಲರ್ ಇರುವುದು ಸಿನಿಮಾ ಮಾರುವುದಕ್ಕೆ, ಸುಳ್ಳು ಜಾಹೀರಾತಿನ ಕಾನೂನು ಅದಕ್ಕೂ ಅನ್ವಯಿಸಬಹುದು ಅಂದರು. ನಾನು ಕೋರ್ಟು ಕಚೇರಿ ಅಂತ ಹೋಗುವವಳಲ್ಲ. ಆದರೆ ಅವತ್ತು ಆ ನ್ಯಾಯಾಧೀಶರು ಹೇಳಿದ್ದು ನನಗೆ ಸರಿ ಅನಿಸುತ್ತದೆ. ನೀವು ಟ್ರೈಲರ್ ತೋರಿಸಿದಿರಿ, ನಾನು ಅದನ್ನು ನಂಬಿ ಟಿಕೆಟ್ ತೆಗೆದುಕೊಂಡೆ.

ಸರಿ, ಸಮಯ ಸಾಲದೆ ಆ ದೃಶ್ಯ ತೆಗೆದಿರಿ ಅಂತಲೇ ಇಟ್ಟುಕೊಳ್ಳೋಣ. ಹಾಗಾದರೆ ಆ ಸಮಯವೆಲ್ಲ ಎಲ್ಲಿ ಹೋಯಿತು? ಎರಡನೇ ಸಲ ನೋಡುವಾಗ ಗಡಿಯಾರ ನೋಡಿಕೊಂಡೇ ಕೂತಿದ್ದೆ. ಸಿನಿಮಾದ ನಡುವೆ ಹೊಸ ಹೀರೋ ಒಬ್ಬ ಬರುತ್ತಾನೆ, ಅವನ ತಂಡ ಬರುತ್ತದೆ, ಅವರ ಹಡಗು ಬರುತ್ತದೆ. ಹತ್ತಿರ ಹತ್ತಿರ ಇಪ್ಪತ್ತು ನಿಮಿಷ ಅವರದೇ ಮಾತು. ಆಮೇಲೆ ಅವರು ಹೊರಟು ಹೋಗುತ್ತಾರೆ, ಕಥೆಯಲ್ಲಿ ಏನೂ ಬದಲಾಗುವುದಿಲ್ಲ. ಅದು ಮುಂದಿನ ಸಿನಿಮಾದ ಪರಿಚಯ ಅಂತ ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತದೆ. 2008ರ 'ಐರನ್ ಮ್ಯಾನ್' ಕೊನೆಯಲ್ಲಿ, ಹೆಸರುಗಳೆಲ್ಲ ಓಡಿ ಮುಗಿದ ಮೇಲೆ, ಒಂದು ಪುಟ್ಟ ದೃಶ್ಯ ಬರುತ್ತದೆ. ಒಬ್ಬ ಮನುಷ್ಯ ಕತ್ತಲಲ್ಲಿ ನಿಂತು ಅವೆಂಜರ್ಸ್ ಅನ್ನುವ ಒಂದು ಸೂಪರ್‌ಹೀರೋ ತಂಡದ ಹೆಸರು ಹೇಳುತ್ತಾನೆ, ಮುಗಿಯಿತು. ಎದ್ದು ಹೋದವರಿಗೂ ಕಥೆ ಪೂರ್ತಿ ಸಿಕ್ಕಿತ್ತು, ಕೂತವರಿಗೆ ಸ್ವಲ್ಪ ಜಾಸ್ತಿ ಸಿಕ್ಕಿತು. ನೀವು ಆ ಜಾಸ್ತಿ ಇರುವುದನ್ನು ತಂದು ಸಿನಿಮಾದ ಹೊಟ್ಟೆಯೊಳಗೆ ತುರುಕಿದ್ದೀರಿ, ಅದಕ್ಕೆ ಜಾಗ ಮಾಡಲು ಅಕ್ಕ ತಮ್ಮನನ್ನು ಹೊರಗೆ ಹಾಕಿದ್ದೀರಿ.

ಅಂಗೈ ಗಾಯದ ವಿಷಯವನ್ನೂ ಹೇಳಲೇಬೇಕು. ಮೊದಲ ಭಾಗದಲ್ಲಿ ಹೀರೋನ ಬಲಗೈಯ ಅಂಗೈಗೆ ಅಡ್ಡಲಾಗಿ ಹಗ್ಗದ ಹಾಗೆ ಒಂದು ಕಲೆ ಉಳಿದಿತ್ತು. ಅಕ್ಕನಿಗೆ ಸುಳಿವು ಸಿಕ್ಕಿದ್ದೇ ಅದರಿಂದ. ಈ ಸಿನಿಮಾದಲ್ಲಿ ಅವನು ಸೇತುವೆಯ ಕಂಬಿ ಹಿಡಿದು ನೇತಾಡುವಾಗ ಕ್ಯಾಮೆರಾ ಅವನ ಅಂಗೈ ಹತ್ತಿರಕ್ಕೇ ಹೋಗುತ್ತದೆ. ಚರ್ಮ ನುಣ್ಣಗಿದೆ, ಕಲೆಯೇ ಇಲ್ಲ. ಹಿಂದಿನ ದೃಶ್ಯದಲ್ಲಿ ಇತ್ತು, ಮುಂದಿನದರಲ್ಲಿ ಮತ್ತೆ ಇದೆ. ನನ್ನ ತಮ್ಮ ಥಿಯೇಟರ್‌ನಲ್ಲೇ ನನ್ನ ಕೈ ಅದುಮಿ "ಅಕ್ಕಾ, ಗಾಯ ಎಲ್ಲಿ?" ಅಂತ ಪಿಸುಗುಟ್ಟಿದ. ಇದಕ್ಕೆ ನಾನು ಗ್ರಾಫಿಕ್ಸ್ ಮಾಡುವವರನ್ನು ಬೈಯುವುದಿಲ್ಲ. ಕೊನೆ ಗಳಿಗೆಯಲ್ಲಿ ದೃಶ್ಯ ಬದಲಾಯಿಸಿ ಅವರ ತಲೆ ಮೇಲೆ ಹಾಕುವುದು ಈ ಉದ್ಯಮದಲ್ಲಿ ಮಾಮೂಲಿ ಆಗಿಬಿಟ್ಟಿದೆ. 2023ರಲ್ಲಿ ಹಾಲಿವುಡ್‌ನ ಒಂದು ದೊಡ್ಡ ಸೂಪರ್‌ಹೀರೋ ಸ್ಟುಡಿಯೋದ ವಿಷುಯಲ್ ಎಫೆಕ್ಟ್ಸ್ ಕೆಲಸಗಾರರಲ್ಲಿ ಮತ ಹಾಕಿದವರೆಲ್ಲರೂ ಸಂಘ ಕಟ್ಟುವ ಪರವಾಗಿಯೇ ಮತ ಹಾಕಿದ್ದು ಸುಮ್ನೆ ಅಲ್ಲ. ಗಾಯ ಎಲ್ಲಿರಬೇಕು ಅಂತ ನೆನಪಿಟ್ಟುಕೊಳ್ಳುವುದು ಕಥೆ ನೋಡಿಕೊಳ್ಳುವವರ ಕೆಲಸ. ಕಥೆಯಲ್ಲಿ ಅದಕ್ಕೆ ಬೆಲೆ ಇದ್ದಿದ್ದರೆ ಯಾರಾದರೂ ಗಮನಿಸುತ್ತಿದ್ದರು.

ದುಡ್ಡು ಜಾಸ್ತಿ ಖರ್ಚಾದರೆ, ಕಥೆ ದೊಡ್ಡದಾದರೆ ಇಂಥ ಚಿಕ್ಕ ವಿಷಯಕ್ಕೆ ಜಾಗ ಇರುವುದಿಲ್ಲ ಅಂತ ದಯವಿಟ್ಟು ಹೇಳಬೇಡಿ. 2004ರ 'ಸ್ಪೈಡರ್‌ಮ್ಯಾನ್ 2' ಕೂಡ ಎರಡನೇ ಭಾಗವೇ, ಅದೂ ದೊಡ್ಡ ಸಿನಿಮಾನೇ. ಓಡುವ ರೈಲನ್ನು ನಿಲ್ಲಿಸಿ ಅವನು ಎಚ್ಚರ ತಪ್ಪಿ ಬೀಳುತ್ತಾನೆ, ಮುಖದ ಮೇಲೆ ಮುಖವಾಡ ಇಲ್ಲ. ಒಳಗಿದ್ದ ಜನ ಅವನನ್ನು ಕೈ ಮೇಲೆ ಎತ್ತಿಕೊಂಡು ಒಳಗೆ ತಂದು ಮಲಗಿಸುತ್ತಾರೆ. ಇವನಿನ್ನೂ ಹುಡುಗ, ನನ್ನ ಮಗನಷ್ಟೇ ವಯಸ್ಸು ಅಂತ ಒಬ್ಬರು ಅನ್ನುತ್ತಾರೆ. ಯಾರಿಗೂ ಹೇಳುವುದಿಲ್ಲ ಅಂತ ಮಕ್ಕಳು ಮುಖವಾಡ ವಾಪಸ್ ಕೊಡುತ್ತಾರೆ. ರೈಲಿನ ಹೊಡೆದಾಟ ಎಷ್ಟು ಚೆನ್ನಾಗಿದ್ದರೂ ಇಷ್ಟು ವರ್ಷವಾದ ಮೇಲೆ ನನಗೆ ಮೊದಲು ನೆನಪಾಗುವುದು ಆ ಕೈಗಳೇ. ನಿಮ್ಮ ಟೆರೇಸ್ ದೃಶ್ಯವೂ ಹಾಗೆ ಉಳಿಯುವಂಥದ್ದೇ ಆಗಿತ್ತು. ಆರೇಳು ಸೆಕೆಂಡ್ ನೋಡಿಯೇ ನನಗೆ ಗಂಟಲು ಕಟ್ಟಿತ್ತು.

ಚೆನ್ನಾಗಿರುವುದನ್ನೂ ಹೇಳುತ್ತೇನೆ. ಮೊದಲ ಹದಿನೈದು ನಿಮಿಷ ಉಸಿರು ಬಿಗಿ ಹಿಡಿದು ನೋಡಿದೆವು. ಸಂಗೀತ ಚೆನ್ನಾಗಿದೆ. ಅಕ್ಕನ ಪಾತ್ರ ಮಾಡಿದವರು ಸಿಕ್ಕ ಮೂರು ದೃಶ್ಯದಲ್ಲೂ ಜೀವ ತುಂಬಿದ್ದಾರೆ, ಆ ಟಿವಿ ಎದುರಿನ ದೃಶ್ಯದಲ್ಲಿ ಅವರ ಕಣ್ಣು ನೋಡಿದರೆ ಸಾಕು. ಅದಕ್ಕೇ ಇನ್ನೂ ಜಾಸ್ತಿ ಹೊಟ್ಟೆ ಉರಿಯುತ್ತದೆ. ಇಷ್ಟು ಒಳ್ಳೆ ಕಲಾವಿದೆಯನ್ನು ಕರೆತಂದು, ಅವರ ಅತಿ ಮುಖ್ಯವಾದ ದೃಶ್ಯವನ್ನು ಟಿಕೆಟ್ ಮಾರಲು ಬಳಸಿ, ಆಮೇಲೆ ಕಿತ್ತು ಹಾಕಿದ್ದೀರಿ.

ಸಿನಿಮಾ ಮುಗಿದು ಹೆಸರುಗಳು ಬರಲು ಶುರುವಾದಾಗ ಜನ ಎದ್ದರು. ನನ್ನ ತಮ್ಮ ಏಳಲಿಲ್ಲ. "ಇರು ಅಕ್ಕಾ, ಅದು ಕೊನೆಗೆ ಬರುತ್ತೆ" ಅಂದ. ಹೆಸರುಗಳೆಲ್ಲ ಮುಗಿದವು. ಆಮೇಲೆ ಬಂದಿದ್ದು ಆ ಹಡಗು, ಆ ಹೊಸ ಹೀರೋ. ದೀಪ ಹೊತ್ತಿಕೊಂಡಿತು. ಗುಡಿಸುವವರು ಒಳಗೆ ಬಂದರು. ಅವನು ಪರದೆಯನ್ನೇ ನೋಡುತ್ತಾ ಇನ್ನೂ ಕೂತಿದ್ದ. ಅವನನ್ನು ಎಬ್ಬಿಸಿಕೊಂಡು ಹೊರಗೆ ಬರುವಾಗ ಏನು ಹೇಳಬೇಕು ಅಂತ ನನಗೆ ತೋಚಲಿಲ್ಲ. ದಾರಿಯುದ್ದಕ್ಕೂ ಅವನು ಮಾತಾಡಲಿಲ್ಲ.

ನಾನು ಕೇಳುವುದು ಜಾಸ್ತಿ ಏನಲ್ಲ. ಇನ್ನು ಮುಂದೆ ಟ್ರೈಲರ್ ಬಿಟ್ಟ ಮೇಲೆ ಅದರಲ್ಲಿರುವ ಮುಖ್ಯ ದೃಶ್ಯವೇ ಸಿನಿಮಾದಿಂದ ಬಿದ್ದು ಹೋದರೆ, ಹೊಸ ಟ್ರೈಲರ್ ಮಾಡಿ. ಹಳೆಯದನ್ನು ಬಿಡುಗಡೆಯ ದಿನದವರೆಗೂ ಓಡಿಸಬೇಡಿ. ಸಿನಿಮಾ ಕಥೆ ಮುಗಿಸುವುದಿಲ್ಲ, ಮುಂದಿನದಕ್ಕೆ ಸೇತುವೆ ಮಾತ್ರ ಅಂತಾದರೆ ಅದನ್ನು ಪೋಸ್ಟರ್‌ನಲ್ಲೇ ಹಾಕಿ. ಗೊತ್ತಿದ್ದು ಬಂದವರು ಬರುತ್ತಾರೆ.

ಟೆರೇಸ್ ದೃಶ್ಯವನ್ನು ನೀವು ಶೂಟ್ ಮಾಡಿದ್ದೀರಿ, ಅದು ನಿಮ್ಮ ಹತ್ತಿರ ಎಲ್ಲೋ ಇದೆ. ಅದನ್ನು ಬಿಡುಗಡೆ ಮಾಡಿ. ಗ್ರಾಫಿಕ್ಸ್ ಪೂರ್ತಿ ಆಗದಿದ್ದರೂ ಪರವಾಗಿಲ್ಲ, ಹಿಂದೆ ಹಸಿರು ಪರದೆ ಕಂಡರೂ ಪರವಾಗಿಲ್ಲ, ಸಂಗೀತ ಇಲ್ಲದಿದ್ದರೂ ನಡೆಯುತ್ತದೆ. "ನಂಗೆ ಮೊದಲೇ ಗೊತ್ತಿತ್ತು ಕಣೋ" ಅಂದ ಮೇಲೆ ಅವನು ಏನು ಹೇಳಿದ ಅಂತ ನಮಗೆ ನೋಡಬೇಕು.

ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ,
ನಿಮ್ಮ ಸಿನಿಮಾವನ್ನು ಎರಡು ಸಲ ನೋಡಿದ ಒಬ್ಬ ಪ್ರೇಕ್ಷಕಿ