ನೆತ್ತಿಗೆ ಹತ್ತಿದ್ದಲ್ಲ ಅದು

ಮಾನ್ಯ ಸಂಪಾದಕರೇ,

ಅಕ್ಟೋಬರ್ 29 ವಿಶ್ವ ಪಾರ್ಶ್ವವಾಯು ದಿನ. ಆ ದಿನ ಪತ್ರಿಕೆಗಳಲ್ಲಿ ಬರುವ ಬರಹಗಳನ್ನು ನಾನು ಕತ್ತರಿಸಿ ಇಡುತ್ತೇನೆ. ಮುಖ ಸೊಟ್ಟಗಾಗುತ್ತದೆ, ಕೈ ಸೋಲುತ್ತದೆ, ಮಾತು ತೊದಲುತ್ತದೆ, ತಡ ಮಾಡದೆ ಆಸ್ಪತ್ರೆಗೆ ಹೋಗಿ ಎಂದು ಬರೆದಿರುತ್ತಾರೆ. ಒಳ್ಳೆಯದೇ. ಆದರೆ ನಾನು ಓದಿದ ಯಾವುದರಲ್ಲೂ ಗಂಟಲಿನ ಬಗ್ಗೆ, ನುಂಗಲು ಆಗುವ ಕಷ್ಟದ ಬಗ್ಗೆ ಒಂದು ಸಾಲು ಸಿಗಲಿಲ್ಲ. ಅದಕ್ಕೇ ಈ ಪತ್ರ.

ನಾನು ಅಂಕೋಲೆಯ ಹತ್ತಿರದ ಹಳ್ಳಿಯವಳು. ಇಪ್ಪತ್ತೆಂಟು ವರ್ಷ ಅಂಗನವಾಡಿಯಲ್ಲಿ ಇದ್ದೆ. ಎಷ್ಟು ಮಕ್ಕಳಿಗೆ ತುತ್ತು ಹಾಕಿದ್ದೇನೋ ಲೆಕ್ಕವಿಲ್ಲ. ನಮ್ಮ ಯಜಮಾನರು ದೋಣಿಗೆ ಹೋಗುತ್ತಿದ್ದರು. ಎರಡು ವರ್ಷದ ಹಿಂದೆ, ಮಳೆಗಾಲದಲ್ಲಿ ಮೀನುಗಾರಿಕೆ ಬಂದ್ ಇದ್ದಾಗ, ಜಗಲಿಯಲ್ಲಿ ಬಲೆ ಸರಿಮಾಡುತ್ತ ಕೂತಿದ್ದರು. ಎಡಗೈ ಹಾಗೇ ಮಡಿಲಿಗೆ ಬಿತ್ತು. ಲಕ್ವ ಹೊಡೆದಿತ್ತು. ನಮ್ಮ ಉತ್ತರ ಕನ್ನಡ ಜಿಲ್ಲೆಯವರೆಲ್ಲ ಮಾಡುವ ಹಾಗೆ ಜಿಲ್ಲೆ ದಾಟಿಸಿ ದೊಡ್ಡ ಆಸ್ಪತ್ರೆಗೆ ಒಯ್ದೆವು. ಜೀವ ಉಳಿಯಿತು. ಒಂಬತ್ತನೇ ದಿನ ಮನೆಗೆ ಕಳಿಸಿದರು. ಚೀಟಿಯಲ್ಲಿ ಏಳು ಮಾತ್ರೆ, ಕೈಕಾಲಿನ ವ್ಯಾಯಾಮ, ಬಿಪಿ ನೋಡಿಸಬೇಕಾದ ದಿನ ಎಲ್ಲ ಇತ್ತು. ಊಟದ ಬಗ್ಗೆ ಕೇಳಿದಾಗ 'ಮೆತ್ತಗಿದ್ದದ್ದು ಕೊಡಿ' ಎಂದರು. ಅಷ್ಟೇ.

ನಮ್ಮ ಕಡೆ ಯಾರು ಹುಷಾರಿಲ್ಲದೆ ಮಲಗಿದರೂ ಮೊದಲು ಗಂಜಿ ಅಲ್ವಾ? ನಾನೂ ಕುಚಲಕ್ಕಿ ಗಂಜಿ ಮಾಡಿದೆ. ಎರಡು ಚಮಚಕ್ಕೆ ಕೆಮ್ಮು ಬಂತು. 'ನೆತ್ತಿಗೆ ಹತ್ತಿತು, ಯಾರೋ ನೆನೆಸಿಕೊಂಡರು' ಎನ್ನುತ್ತ ತಲೆ ತಟ್ಟಿದೆ. ನೋಡಲು ಬಂದವರು ಎಳನೀರು ತಂದರು. ಮಲಗಿದ್ದ ಹಾಗೇ ಬಾಯಿ ಮೇಲೆ ಮಾಡಿಸಿ ಹನಿಹನಿಯಾಗಿ ಬಿಟ್ಟರು. ನಾನೇ ಲೋಟ ಹಿಡಿದುಕೊಂಡಿದ್ದೆ. ನಾಲ್ಕೈದು ದಿನದಲ್ಲಿ ಕೆಮ್ಮು ನಿಂತಿತು. ಸುಧಾರಿಸಿದರು ಎಂದು ಖುಷಿಪಟ್ಟೆ. ದನಿ ಮಾತ್ರ ನೀರೊಳಗಿಂದ ಬಂದ ಹಾಗೆ ಗುಳುಗುಳು ಎನ್ನುತ್ತಿತ್ತು. ಸಂಜೆ ಮೈ ಬೆಚ್ಚಗಾಗುತ್ತಿತ್ತು. ಹನ್ನೆರಡನೇ ದಿನ ಜ್ವರ 102 ದಾಟಿ ಉಸಿರು ಸಿಕ್ಕಿಹಾಕಿಕೊಂಡಿತು. ಬಲಗಡೆಯ ಶ್ವಾಸಕೋಶದಲ್ಲಿ ನ್ಯುಮೋನಿಯಾ.

ಇನ್ನೊಂದು ಆಸ್ಪತ್ರೆಯಲ್ಲಿ ಒಬ್ಬಳು ಸ್ಪೀಚ್ ಥೆರಪಿಸ್ಟ್ ಹುಡುಗಿ ಬಂದಳು. ಇವರಿಗೆ ಮಾತು ಕಲಿಸಲು ಬಂದಿದ್ದಾಳೆ ಅಂದುಕೊಂಡೆ. ಅವಳು ಇವರನ್ನು ನೆಟ್ಟಗೆ ಕೂರಿಸಿ, ಒಂದು ಚಮಚ ನೀರು ಕೊಟ್ಟು, ಗಂಟಲಿನ ಮೇಲೆ ಬೆರಳಿಟ್ಟು ನೋಡಿದಳು. ಆಮೇಲೆ 'ಆ' ಎನ್ನಿಸಿ ದನಿ ಕೇಳಿದಳು. 'ಅಮ್ಮಾ, ಇವರಿಗೆ ನೀರೇ ಎಲ್ಲಕ್ಕಿಂತ ಕಷ್ಟ' ಎಂದಳು. ಕೆಮ್ಮು ನಿಂತದ್ದು ಗುಣವಾದದ್ದರಿಂದ ಅಲ್ಲ. ಗಂಟಲಿಗೆ ಗೊತ್ತಾಗುವುದೇ ನಿಂತಿರಬಹುದು, ಕುಡಿದದ್ದು ಸದ್ದಿಲ್ಲದೆ ಶ್ವಾಸಕೋಶದ ಒಳಗೆ ಇಳಿಯುತ್ತಿತ್ತು ಎಂದಳು. ಬಲಗಡೆಯ ಗಾಳಿಕೊಳವೆ ಅಗಲ, ಹೆಚ್ಚು ನೇರ. ಅದಕ್ಕೇ ಜಾಸ್ತಿ ಆ ಕಡೆಗೇ ಹೋಗುತ್ತದಂತೆ. ನೆತ್ತಿಗೆ ಹತ್ತಿದ್ದಲ್ಲ ಅದು. ಎದೆಗೆ ಇಳಿದದ್ದು.

ನುಂಗುವುದು ಸಣ್ಣ ಕೆಲಸವಲ್ಲ. ಮೂವತ್ತರ ಆಸುಪಾಸು ಸ್ನಾಯುಗಳು ಒಂದರ ಹಿಂದೆ ಒಂದು ಕೆಲಸ ಮಾಡಬೇಕು. ಅಷ್ಟರಲ್ಲಿ ಗಾಳಿಯ ದಾರಿ ಮುಚ್ಚಿಕೊಳ್ಳಬೇಕು. ನಮ್ಮ ಕರಾವಳಿಯ ಹಿನ್ನೀರಿನ ಅಂಚಿನ ಗಜನಿ ಗದ್ದೆಯ ಕಟ್ಟಿನ ಬಾಗಿಲು ಹೊತ್ತಿಗೆ ಸರಿಯಾಗಿ ಬೀಳದಿದ್ದರೆ ಉಪ್ಪುನೀರು ನುಗ್ಗುತ್ತದಲ್ಲ, ಹಾಗೆ. ಲಕ್ವ ಹೊಡೆದವರಲ್ಲಿ ಹೆಚ್ಚುಕಡಿಮೆ ಅರ್ಧ ಜನರಿಗೆ ಮೊದಲ ದಿನಗಳಲ್ಲಿ ಈ ತೊಂದರೆ ಇರುತ್ತದೆ. ಬಹಳಷ್ಟು ಜನರಿಗೆ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ಪಾರ್ಕಿನ್ಸನ್ ಇರುವವರಿಗೆ, ಬಾಯಿ ಗಂಟಲಿನ ಕ್ಯಾನ್ಸರಿಗೆ ರೇಡಿಯೇಷನ್ ತೆಗೆದುಕೊಂಡವರಿಗೂ ಬರುತ್ತದೆ.

ಗಂಜಿಯ ವಿಷಯ ನನಗೆ ಇವತ್ತಿಗೂ ಮರೆಯಲು ಆಗುವುದಿಲ್ಲ. ಮೇಲೆ ತಿಳಿ, ಅಡಿಗೆ ಅಗುಳು. ಬಾಯಿ ಅಗುಳನ್ನು ಅಗಿಯುತ್ತಿರುವಾಗಲೇ ತಿಳಿ ಮುಂದೆ ಓಡಿ ಗಂಟಲು ಸೇರಿರುತ್ತದೆ. ಇಂಥವರಿಗೆ ಅದು ತುಂಬ ಅಪಾಯ. ನಾವು ಪ್ರೀತಿಯಿಂದ ಮೊದಲು ಕೊಡುವುದು ಅದನ್ನೇ. ಆಹಾರ ಕೊಡಲು ಮೂಗಿನಿಂದ ಹಾಕಿದ್ದ ನಳಿಕೆ ಮೂರು ವಾರ ಇತ್ತು. ತೆಗೆದ ಮೇಲೆ ಅದೇ ಗಂಜಿಯನ್ನು ಮಿಕ್ಸಿಗೆ ಹಾಕಿ, ಜರಡಿ ಹಿಡಿದು, ಚಮಚ ಓರೆ ಮಾಡಿದರೆ ಒಂದೇ ಮುದ್ದೆಯಾಗಿ ಜಾರುವಷ್ಟು ಗಟ್ಟಿ ಮಾಡಲು ಆ ಹುಡುಗಿ ಕಲಿಸಿದಳು. ರಾಗಿ ಮಣ್ಣಿ ಚೆನ್ನಾಗಿ ಹೊಂದಿತು. ಎಲ್ಲರಿಗೂ ಇದೇ ಹದವಲ್ಲ, ಪರೀಕ್ಷೆ ಮಾಡಿದವರೇ ಹೇಳಬೇಕು. ನೆಟ್ಟಗೆ ಕೂರಿಸಿ, ಗಲ್ಲ ಸ್ವಲ್ಪ ಎದೆಯ ಕಡೆ ತಗ್ಗಿಸಿ, ಅರ್ಧ ಚಮಚ. ನುಂಗಿದ್ದು ನೋಡಿಯೇ ಮುಂದಿನದು. ಟಿವಿ ಬಂದ್. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಬಾಯಿ ದಿನಕ್ಕೆ ಎರಡು ಮೂರು ಸಲ ತೊಳೆಯಬೇಕು. ನಳಿಕೆ ಇದ್ದಾಗ ಬಾಯಿಂದ ಏನೂ ತಿನ್ನುತ್ತಿಲ್ಲವಲ್ಲ ಎಂದು ನಾವು ಹಲ್ಲು ಉಜ್ಜಿಸಿರಲಿಲ್ಲ. ಆದರೆ ಬಾಯಿಯ ರೋಗಾಣುಗಳು ಎಂಜಲಿನ ಜೊತೆಗೇ ಎದೆಗೆ ಇಳಿಯುತ್ತವೆ. ಮಾತ್ರೆ ಪುಡಿ ಮಾಡುವ ಮೊದಲೂ ಕೇಳಬೇಕು. ಕೆಲವು ಮಾತ್ರೆಗಳನ್ನು ಪುಡಿ ಮಾಡಲೇಬಾರದು.

ಇನ್ನೊಂದು ಮಾತು. ಜನರ ಮುಂದೆ ಉಣ್ಣಲು ಇವರಿಗೆ ನಾಚಿಕೆಯಾಗುತ್ತಿತ್ತು. ಬಾಯಿಯ ಓರೆಯಿಂದ ಸೋರುತ್ತಿತ್ತು. ಮನೆಯಲ್ಲಿ ಬಂಗುಡೆ ಸಾರಿನ ವಾಸನೆ ಬಂದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಮುಳ್ಳು ಒಂದೂ ಉಳಿಯದ ಹಾಗೆ ತೆಗೆದು, ನುಣ್ಣಗೆ ಅರೆದು, ಆ ಗಟ್ಟಿ ಗಂಜಿಯಲ್ಲಿ ಕಲಸಿ ಕೊಟ್ಟ ದಿನ ಅವರು ಅತ್ತರು. ಊಟ ಬರೀ ಹೊಟ್ಟೆಗಲ್ಲ ಎಂದು ಆವತ್ತು ನನಗೆ ತಿಳಿಯಿತು.

ನಾನು ಕೇಳುವುದು ದೊಡ್ಡ ಕಟ್ಟಡವಲ್ಲ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಎಷ್ಟೋ ವರ್ಷದಿಂದ ಕೇಳುತ್ತಿದ್ದೇವೆ, ಅದು ಬೇಕೇ ಬೇಕು. ಆದರೆ ಒಂದು ಚಮಚ ನೀರು ಕೊಟ್ಟು ನೋಡಲು ಅದಕ್ಕಾಗಿ ಕಾಯಬೇಕಿಲ್ಲ. ಲಕ್ವ ಹೊಡೆದವರ ಬಾಯಿಗೆ ಮೊದಲ ಹನಿ ಬೀಳುವ ಮುಂಚೆ ನುಂಗುವುದನ್ನು ತರಬೇತಾದವರು ಪರೀಕ್ಷಿಸಲಿ. ಮನೆಗೆ ಕಳಿಸುವಾಗ ಹತ್ತು ನಿಮಿಷ, ಉಣಿಸುವವರ ಕೈಗೇ ಚಮಚ ಕೊಟ್ಟು ತೋರಿಸಲಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅರವತ್ತರ ದಶಕದಿಂದ ಪರಿಣತರನ್ನು ತಯಾರು ಮಾಡುತ್ತಿದೆ. ಆ ಹುಡುಗಿಯೂ ಅಲ್ಲೇ ಓದಿದವಳು. ಅಂಥವರು ವಾರಕ್ಕೆ ಒಂದು ದಿನ ಪ್ರತಿ ತಾಲ್ಲೂಕು ಆಸ್ಪತ್ರೆಗೆ ಬಂದರೂ ಸಾಕು. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಎಂಬ ಮಿದುಳಿನ ಆರೋಗ್ಯದ ಯೋಜನೆ ಶುರು ಮಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಡುತ್ತಿದೆ. ಅದರಲ್ಲಿ ಗಂಟಲಿನ ಪಾಠ ಗಟ್ಟಿಯಾಗಿ ಇರಲಿ. ಆಶಾ ಕಾರ್ಯಕರ್ತೆಯರಿಗೂ ಅದು ತಲುಪಲಿ. ಮನೆಯ ಒಳಗೆ, ಹಾಸಿಗೆಯ ಹತ್ತಿರ ಹೋಗುವವರು ಅವರೇ.

ಕಳೆದ ವಾರ ನಮ್ಮ ಕೇರಿಯ ಇನ್ನೊಬ್ಬರು ಲಕ್ವ ಹೊಡೆದು ಆಸ್ಪತ್ರೆಯಿಂದ ಬಂದರು. ನೋಡಲು ಹೋದೆ. ಮಗಳು ಲೋಟದಲ್ಲಿ ಗಂಜಿ ತಿಳಿ ಹಿಡಿದು ನಿಂತಿದ್ದಳು. ಸ್ವಲ್ಪ ತಡಿ ಎಂದು ಹೇಳಿ ಡಿಸ್ಚಾರ್ಜ್ ಚೀಟಿ ಕೇಳಿ ಓದಿದೆ. ಎರಡೂ ಬದಿ ತಿರುಗಿಸಿ ನೋಡಿದೆ. ಅದರಲ್ಲೂ ಗಂಟಲಿನ ಬಗ್ಗೆ ಏನೂ ಬರೆದಿರಲಿಲ್ಲ.

– ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ಅಂಕೋಲಾ ತಾಲ್ಲೂಕು