ಕಾರ್ಟೆಲ್ ಕೇಸಿಗೂ ಒಂದು ಗಡುವು ಹಾಕಿಸಿ ಮೇಡಂ

ಭಾರತೀಯ ಸ್ಪರ್ಧಾ ಆಯೋಗದ ಅಧ್ಯಕ್ಷೆ ರವನೀತ್ ಕೌರ್ ಅವರಿಗೆ,

ಮೇಡಂ, ನಮಸ್ಕಾರ. ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ಒಟ್ಟಿಗೆ ರೇಟ್ ಏರಿಸುವ ಕೂಟಕ್ಕೆ ಕಾರ್ಟೆಲ್ ಎನ್ನುತ್ತಾರಲ್ಲ, ಅದನ್ನು ತಡೆಯಬೇಕಾದ ಆಯೋಗ ನಿಮ್ಮದು, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಕಾನೂನು ನಿಮಗೆ ಹೇಳಿಕೊಡುವಷ್ಟು ದೊಡ್ಡವನಲ್ಲ ನಾನು. ಕಲಬುರಗಿ ಜಿಲ್ಲೆ ಸೇಡಂ ಕಡೆಯವನು, ಸಣ್ಣಪುಟ್ಟ ಮನೆ ಕಟ್ಟಿಕೊಡುವ ಗುತ್ತಿಗೆದಾರ. ನಮ್ಮ ನೆಲದ ಸುಣ್ಣದಕಲ್ಲು ಅಗೆದು ಇಲ್ಲೇ ಸಿಮೆಂಟ್ ಮಾಡುತ್ತಾರೆ. ದೂಳು ನಮ್ಮ ಮಾಳಿಗೆ ಮೇಲೆ, ರೇಟ್ ಮಾತ್ರ ಎಲ್ಲೋ ಕೂತವರು ಹೇಳಿದಷ್ಟು.

ಹೋದ ಬೇಸಿಗೆಯಲ್ಲಿ ಒಂದು ಸ್ಲ್ಯಾಬ್ ಹಾಕಬೇಕಿತ್ತು. ಸೆಂಟ್ರಿಂಗ್ ಮುಗಿದಿತ್ತು, ಕಬ್ಬಿಣ ಕಟ್ಟಿದ್ದೆವು, ಮಿಕ್ಸರ್‌ಗೂ ಆಳುಗಳಿಗೂ ಹೇಳಿಯಾಗಿತ್ತು. ಹಿಂದಿನ ಸಂಜೆ ಡೀಲರ್ ಫೋನ್ ಮಾಡಿದ. "ಅಣ್ಣಾ, ನಾಳೆಯಿಂದ ಚೀಲಕ್ಕೆ 40 ರೂಪಾಯಿ ಜಾಸ್ತಿ." ಬೇರೆ ಕಂಪನಿಯದು ಕೊಡಪ್ಪ ಎಂದೆ. "ಅದಕ್ಕೂ 40." ಪಕ್ಕದ ಅಂಗಡಿಯವನನ್ನು ಕೇಳಿದರೆ ಅವನದೂ 40. ಸ್ಲ್ಯಾಬ್ ಅರ್ಧ ಹಾಕಿ ನಿಲ್ಲಿಸೋಕಾಗುತ್ತದಾ? ತೆಗೆದುಕೊಂಡೆ. ಚದರಡಿಗೆ ಇಷ್ಟು ಅಂತ ಮೊದಲೇ ಮಾತಾಗಿತ್ತು, ಹಾಗಾಗಿ ಹೆಚ್ಚಿನ ದುಡ್ಡು ನನ್ನ ಕೈಯಿಂದಲೇ ಹೋಯಿತು. ಅದು ಸಾಲದು ಅಂತ ಮನೆ ಯಜಮಾನರು ಬಿಲ್ ತಿರುಗಿಸಿ ಮುರುಗಿಸಿ ನೋಡಿ, ನನ್ನನ್ನೇ ಕಳ್ಳನ ಹಾಗೆ ನೋಡಿದರು.

ಒಂದೇ ದಿನ ಒಂದೇ ರೇಟ್ ಏರಿದ ಮಾತ್ರಕ್ಕೆ ಕಾರ್ಟೆಲ್ ಆಗುವುದಿಲ್ಲ, ಒಳಒಪ್ಪಂದಕ್ಕೆ ಸಾಕ್ಷಿ ಬೇಕು ಎನ್ನುತ್ತೀರಿ. ಸರಿ, ಒಪ್ಪಿದೆ. ಸಾಕ್ಷಿ ಸಿಕ್ಕ ಕೇಸಿನ ಗತಿ ಏನಾಯಿತು?

ಬಿಲ್ಡರುಗಳ ಸಂಘ ಸಿಮೆಂಟ್ ಕಂಪನಿಗಳ ಮೇಲೆ ದೂರು ಕೊಟ್ಟಿದ್ದು 2010ರಲ್ಲಿ. 2012ರಲ್ಲಿ ನಿಮ್ಮ ಆಯೋಗ 6,000 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಆದರೆ ವಾದ ಕೇಳದೇ ಇದ್ದ ಅಂದಿನ ಅಧ್ಯಕ್ಷರೂ ಆದೇಶಕ್ಕೆ ಸಹಿ ಹಾಕಿದ್ದರಂತೆ! 2015ರಲ್ಲಿ ಅದು ರದ್ದಾಯಿತು. 2016ರಲ್ಲಿ ಮತ್ತೆ ದಂಡ ಹಾಕಿದಿರಿ, 2018ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಎತ್ತಿಹಿಡಿಯಿತು. ಕಂಪನಿಗಳು ದಂಡದ ಶೇ 10ರಷ್ಟು ಠೇವಣಿ ಇಟ್ಟು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದವು. ಅಷ್ಟರಲ್ಲಿ ಎಷ್ಟು ಮನೆ ಎದ್ದವು, ಎಷ್ಟು ಚೀಲ ಖರ್ಚಾದವು, ಲೆಕ್ಕ ಇಟ್ಟವರುಂಟಾ?

2023ರಲ್ಲಿ ನಿಮ್ಮ ಸ್ಪರ್ಧಾ ಕಾಯ್ದೆಗೆ ತಿದ್ದುಪಡಿ ಬಂತು. ಕಂಪನಿಗಳ ಮದುವೆಗೆ, ಅಂದರೆ ವಿಲೀನಕ್ಕೆ, ಒಪ್ಪಿಗೆ ಕೊಡುವ ಗಡುವು 210 ದಿನದಿಂದ 150 ದಿನಕ್ಕೆ ಇಳಿಯಿತು. ಬಹಳ ಸಂತೋಷ. ತಪ್ಪು ಒಪ್ಪಿಕೊಂಡು ಇನ್ನೊಂದು ಕಾರ್ಟೆಲ್ ಸುಳಿವು ಕೊಟ್ಟವರಿಗೆ ದಂಡದಲ್ಲಿ ಇನ್ನಷ್ಟು ರಿಯಾಯಿತಿಯೂ ಸಿಕ್ಕಿತು. ಕಾರ್ಟೆಲ್ ಕೇಸು ಮುಗಿಸಲು ಗಡುವು? ಮೇಲ್ಮನವಿಯನ್ನು ಆರು ತಿಂಗಳಲ್ಲಿ ಮುಗಿಸಲು "ಪ್ರಯತ್ನಿಸಬೇಕು" ಅಂತ ಕಾಯ್ದೆಯಲ್ಲಿದೆಯಲ್ಲ, ಆ ಪ್ರಯತ್ನವನ್ನು ನಾವೂ ನೋಡಿದ್ದೇವೆ.

ದಂಡ ವಸೂಲಾದರೂ ಹೋಗುವುದು ಸರ್ಕಾರದ ಸಂಚಿತ ನಿಧಿಗೆ. ನಮಗೆ ಪರಿಹಾರ ಕೇಳಲು ಕಾಯ್ದೆಯ 53ಎನ್ ಕಲಂ ಇದೆ ಎನ್ನುತ್ತೀರಿ. ತಪ್ಪು ಸಾಬೀತಾದ ಮೇಲೆ ದೆಹಲಿಯಲ್ಲಿ ವಕೀಲರನ್ನು ಹಿಡಿದು ಪರಿಹಾರ ಕೇಳಬೇಕು. ಅಷ್ಟು ಹೊತ್ತಿಗೆ ನನ್ನ ಹಳೇ ಬಿಲ್ಲುಗಳನ್ನು ಗೆದ್ದಲು ತಿಂದಿರುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ. ಗಡುವು ಹಾಕಿಸಿ. ತನಿಖೆಗೆ, ನಿಮ್ಮ ಆದೇಶಕ್ಕೆ, ಮೇಲ್ಮನವಿಗೆ, ಮೂರಕ್ಕೂ. ಕಾನೂನು ಬದಲಿಸುವುದು ಸಂಸತ್ತಿನ ಕೆಲಸ ಅಂತ ಸುಮ್ನೆ ಕೈತೊಳೆದುಕೊಳ್ಳಬೇಡಿ. ಸರ್ಕಾರಕ್ಕೆ ಅಭಿಪ್ರಾಯ ಹೇಳುವ ದಾರಿ ನಿಮಗಿದೆ, ಅಲ್ವಾ? ವಿಲೀನಕ್ಕೆ 150 ದಿನ ಸಾಕಾದರೆ ಕಾರ್ಟೆಲ್‌ಗೆ ಎಷ್ಟು ದಿನ ಬೇಕು, ಅದನ್ನು ಬರೆದು ದೆಹಲಿಗೆ ಕಳಿಸಿ. ಬರೆದಿದ್ದನ್ನು ನಮಗೂ ತೋರಿಸಿ.

ಇತಿ,
ಸೇಡಂ ಕಡೆಯ ಒಬ್ಬ ಗುತ್ತಿಗೆದಾರ